ಮೀಸಲು ಗೋಲಿಯ ಬಾಗಿಲು

ರಾದೂಜ್ ನನ್ನನ್ನು ಜರಡಿ ಎಂದು ಕರೆದದ್ದು ಅಕ್ಟೋಬರಿನಲ್ಲಿ, ಟಿವಿಯವರ ಮೈಕಿನ ಮುಂದೆ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ. "ನಾವು ಮುಂದೆ ಎಷ್ಟು ಗೋಲು ಹೊಡೆದ್ರೇನು, ಹಿಂದೆ ಜರಡಿ ನಿಂತಿದ್ರೆ?" ಅಂದ. ಅಂದು, ಒಂದು ಕಣ್ಣು ಮಿಟುಕಿಸಿ, ಸ್ನಾನಕ್ಕೆ ಹೋದ. ಮರುದಿನ ಬೆಳಿಗ್ಗೆ ನಮ್ಮ ಮನೆ ಗೇಟಿಗೆ ಯಾರೋ ಹಾಲುಷ್ಕಿ ಮಾಡುವ ತೂತಿನ ತಟ್ಟೆ ನೇತುಹಾಕಿದ್ದರು. ಅದರ ಮೇಲೆ ಆಲೂಗಡ್ಡೆ ಹಿಟ್ಟು ಇಟ್ಟು ಒತ್ತಿದರೆ ಕೆಳಗೆ ಕುದಿಯುವ ನೀರಿಗೆ ಉಂಡೆ ಉಂಡೆಯಾಗಿ ಬೀಳುತ್ತದೆ. ವಾರದೊಳಗೆ ಊರಿನ ಹೆಂಡದಂಗಡಿಯಲ್ಲಿ ಹೊಸ ಮಾತು ಹುಟ್ಟಿತು: "ತಟ್ಟೆ ಮುರಿದುಹೋಯ್ತಾ? ಹಾಗಾದ್ರೆ ವೆಂಡೊನ ಕರೀರಿ, ಪಾತ್ರೆ ಮೇಲೆ ನಿಂತ್ಕೊಳ್ಳಲಿ."

ವೆಂಡೊ ಅಂದರೆ ನಾನು, ವೆಂಡೆಲಿನ್. ಆರು ವರ್ಷ ಈ ಊರಿನ ಐಸ್ ಹಾಕಿ ತಂಡದ ಗೋಲು ಕಾದವನು, ಅಂದರೆ ಗೋಲಿ. ರಾದೂಜ್ ನಮ್ಮ ನಾಯಕ. ಸ್ವೀಡನ್ನಿನಲ್ಲಿ ಹೆಸರು ಮಾಡಿ, ವಯಸ್ಸಾದ ಮೇಲೆ ಹುಟ್ಟೂರಿಗೆ ಮರಳಿದ ಮಗ. ಅವನು ರೈಲಿನಿಂದ ಇಳಿದ ದಿನ ನಿಲ್ದಾಣದಲ್ಲಿ ಡೋಲು ಬಡಿದರು. ಮೇಯರಮ್ಮ ಸ್ವಾಗತಕ್ಕೆಂದು ಬ್ರೆಡ್ಡು, ಉಪ್ಪು ಹಿಡಿದು ನಿಂತಿದ್ದರು. ಅಂಥವನು ಒಂದು ಮಾತು ಆಡಿದರೆ ಅದು ಮಾತಲ್ಲ, ಶಾಸನ.

ಅಕ್ಟೋಬರಿನಲ್ಲಿ ನನಗೆ ಬಿದ್ದ ಗೋಲುಗಳು ಯಾರ ತಪ್ಪು ಎಂಬುದನ್ನು ಈಗ ಹೇಳುತ್ತೇನೆ, ಯಾಕೆಂದರೆ ಬೇರೆ ಯಾರೂ ಹೇಳಲಿಲ್ಲ. ಐಸಿನ ಮೇಲೆ ಯಾರೂ ಒಂದು ನಿಮಿಷ ಪೂರ್ತಿ ದಮ್ಮು ಹಿಡಿದು ಓಡಲಾರರು. ಸುಸ್ತಾದವನು ಬೆಂಚಿಗೆ ಬರುತ್ತಾನೆ, ಇನ್ನೊಬ್ಬ ಇಳಿಯುತ್ತಾನೆ. ಆಟ ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಹೊರಗೆ ಬರಲು ಒಂದು ಹೊತ್ತು ಇದೆ: ಪಕ್, ಅಂದರೆ ನಾವು ಕೋಲಿನಿಂದ ಹೊಡೆಯುವ ರಬ್ಬರ್ ಬಿಲ್ಲೆ, ಎದುರಾಳಿಯ ಮೂಲೆಯಲ್ಲಿ ಬಿದ್ದಿರುವಾಗ. ಪಕ್ ಕಳೆದುಕೊಂಡವನು ಬೆಂಚಿನ ಕಡೆ ತಿರುಗಿಯೂ ನೋಡುವಂತಿಲ್ಲ. ಕಳೆದವನೇ ಬೆನ್ನಟ್ಟಬೇಕು, ಕಾಲು ಬಿದ್ದುಹೋದರೂ ಸರಿ. ಇದು ನಮ್ಮೂರಿನ ಶಿಶುವಿಹಾರದ ಮಕ್ಕಳಿಗೂ ಗೊತ್ತು.

ರಾದೂಜ್‌ಗೆ ಮಾತ್ರ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು, ಬೇಕಾಗಿರಲಿಲ್ಲ. ಎದುರಾಳಿಗಳ ಅಂಗಳ ಶುರುವಾಗುವ ನೀಲಿ ಗೆರೆಯ ಹತ್ತಿರ ಮೂವರ ನಡುವೆ ಚಮತ್ಕಾರ ತೋರಿಸಲು ಹೋಗುತ್ತಾನೆ, ಪಕ್ ಕಳೆದುಕೊಳ್ಳುತ್ತಾನೆ, ತಕ್ಷಣ ಅವನಿಗೆ ಸುಸ್ತು ನೆನಪಾಗುತ್ತದೆ. ತಲೆ ತಗ್ಗಿಸಿ ಬೆಂಚಿಗೆ ಜಾರಿಕೊಂಡು ಹೋಗುತ್ತಾನೆ. ಅವನು ಬಿಟ್ಟುಬಂದ ದಾರಿಯಲ್ಲಿ ಮೂವರು ಎದುರಾಳಿಗಳು ಮದುವೆ ಮನೆಗೆ ಬಂದಂತೆ ನನ್ನ ಮೇಲೆ ಬರುತ್ತಾರೆ. ಗೋಲು ಬಿದ್ದಾಗ ಜನ ನೋಡುವುದು ಯಾರನ್ನು? ಗೋಲಿನ ಕೆಂಪು ದೀಪ ಯಾರ ಬೆನ್ನ ಹಿಂದೆ ಹತ್ತಿತೋ ಅವನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಮ್ಮ ಕೋಚ್ ಬಿಸ್ತ್ರಿಕ್ ಕೆಟ್ಟವರಲ್ಲ, ಪುಕ್ಕಲು. ನಾಯಕನಿಗೆ ಬೈಯುವ ಧೈರ್ಯ ಅವರಿಗಿರಲಿಲ್ಲ. ನವೆಂಬರಿನಲ್ಲಿ ನನ್ನನ್ನು ಕರೆದು, ನನ್ನ ಮುಖ ಬಿಟ್ಟು ಗೋಡೆ ನೋಡುತ್ತಾ, "ಸ್ವಲ್ಪ ದಿನ ತಿಮೊತೆಯ್ ಆಡಲಿ ವೆಂಡೊ. ನೀನು ಉಸಿರು ತಗೋ," ಅಂದರು.

ತಿಮೊತೆಯ್ ಇಪ್ಪತ್ತು ದಾಟದ ಹುಡುಗ. ನನ್ನ ಹಿಂದೆ ಎರಡು ವರ್ಷ ಮೀಸಲು ಗೋಲಿಯಾಗಿದ್ದವನು. ಮೊಣಕಾಲು ಎಲ್ಲಿ ಊರಬೇಕು, ಕಣ್ಣು ಎಲ್ಲಿಡಬೇಕು, ಎಲ್ಲಾ ನಾನೇ ಹೇಳಿಕೊಟ್ಟದ್ದು. ಆ ಹುಡುಗ ನನ್ನ ಜಾಗಕ್ಕೆ ಹೋದ, ನಾನು ಅವನ ಜಾಗಕ್ಕೆ ಬಂದೆ. ಅವನ ಜಾಗವೆಂದರೆ ಬೆಂಚಿನ ತುದಿ, ತಲೆಗೊಂದು ಟೋಪಿ, ಕೈಗೊಂದು ಬಾಗಿಲು.

ಈ ಬಾಗಿಲಿನ ವಿಷಯ ಹೇಳಬೇಕು. ಬೆಂಚಿನಿಂದ ಐಸಿಗೆ ಹೋಗುವ ಚಿಕ್ಕ ಬಾಗಿಲನ್ನು ತೆಗೆಯುವುದು, ಮುಚ್ಚುವುದು ಮೀಸಲು ಗೋಲಿಯ ಕೆಲಸ. ಯಾರೂ ಹೇಳಿಕೊಡುವುದಿಲ್ಲ, ಎಲ್ಲೂ ಬರೆದಿಲ್ಲ, ಆದರೆ ನಮ್ಮ ದೇಶದಲ್ಲಿ ಎಲ್ಲಾ ತಂಡಗಳಲ್ಲೂ ಹೀಗೇ. ಎಳೆಯರು ಬೆಂಚಿನ ಮುಂದಿನ ಹಲಗೆಯ ಅಡ್ಡಗೋಡೆ ಹಾರಿ ಒಳಗೆ ಬರುತ್ತಾರೆ. ರಾದೂಜ್ ಹಾರುವುದಿಲ್ಲ. ಅವನಿಗೆ ಬಾಗಿಲೇ ಬೇಕು. ಬರುವಾಗ ಕೋಲಿನಿಂದ ಹಲಗೆಗೆ ಎರಡು ಸಲ ಬಡಿಯುತ್ತಾನೆ, ನಾನು ತೆಗೆಯಬೇಕು. ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತು ನೀರಿನ ಬಾಟಲಿಗೆ ಕೈ ಚಾಚುತ್ತಾನೆ. "ಥ್ಯಾಂಕ್ಸ್, ಮಾವಯ್ಯ," ಅನ್ನುತ್ತಾನೆ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ದೊಡ್ಡವನು.

ಒಂದು ದಿನ ತಡೆಯಲಾರದೆ ಕೇಳಿದೆ. "ರಾದೂಜ್, ಅಕ್ಟೋಬರಿನ ಆ ಗೋಲುಗಳು ನಿನ್ನವು. ನನಗೂ ಗೊತ್ತು, ನಿನಗೂ ಗೊತ್ತು. ಆ ಮೈಕಿನ ಮುಂದೆ ಒಂದು ಸಲ ಹೇಳಿಬಿಡು. ನನಗೆ ಇನ್ನೇನೂ ಬೇಡ."

ಅವನು ಬೂಟಿನ ದಾರ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. "ಪಕ್ ಯಾವ ಕಡೆಯಿಂದ ಒಳಗೆ ಹೋಯ್ತೋ ಮಾರಾಯ? ನನ್ನ ಕಾಲ ಸಂದಿಯಿಂದನಾ?" ಅಂದ. ಸುತ್ತ ಕೂತವರು ನಕ್ಕರು. ಒಬ್ಬಿಬ್ಬರಿಗೆ ನಗು ಬಂದಿರಲಿಲ್ಲ, ಆದರೂ ನಕ್ಕರು.

ಅವತ್ತೇ ನಾನು ನಿರ್ಧಾರ ಮಾಡಿದೆ. ಒಂದು ದಿನ ಅವನು ಪಕ್ ಕಳೆದುಕೊಂಡು ಓಡಿ ಬರುತ್ತಾನೆ, ಕೋಲು ಬಡಿಯುತ್ತಾನೆ, ನಾನು ಬಾಗಿಲು ತೆಗೆಯುವುದಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ಅವನು ಭಿಕ್ಷುಕನ ಹಾಗೆ ನಿಂತಿರುತ್ತಾನೆ. ಅದೇ ಹೊತ್ತಿಗೆ ಆ ಕಡೆ ಗೋಲು ಬೀಳುತ್ತದೆ. ಇಡೀ ಕ್ರೀಡಾಂಗಣ, ಇಡೀ ದೇಶದ ಟಿವಿ, ಯಾರು ಎಲ್ಲಿ ಇರಬೇಕಿತ್ತು, ಎಲ್ಲಿ ಇದ್ದ ಎಂದು ನೋಡುತ್ತದೆ. ನಾನು ಒಂದು ಮಾತೂ ಆಡಬೇಕಾಗಿಲ್ಲ.

ಹೆಂಡತಿ ದಾರಿನಾಳಿಗೆ ಹೇಳಿದೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಜರಡಿಯ ಹೆಂಡತಿ ಎಂದು ಗಿರಾಕಿಗಳು ಹಲ್ಲು ಕಿರಿಯುವುದನ್ನು ನನಗಿಂತ ಹೆಚ್ಚು ನೋಡಿದವಳು. ಎಲೆಕೋಸಿನ ಸಾರು ಬಡಿಸುತ್ತಿದ್ದವಳು ಸೌಟು ಹಾಗೇ ಹಿಡಿದು ನಿಂತಳು.

"ಗೋಲು ಬಿದ್ರೆ ಸೋಲೋದು ಯಾರು? ನಿಮ್ಮ ತಂಡ ತಾನೇ?"

"ಸೋಲಲಿ."

"ಮೂಗು ಕೊಯ್ಕೊಂಡು ಅಪಶಕುನ ಮಾಡ್ತೀನಿ ಅಂತೀಯಲ್ಲ ವೆಂಡೊ. ಮೂಗು ಯಾರದು ಅಂತ ಯೋಚನೆ ಮಾಡಿದ್ದೀಯಾ?"

"ಮೂಗು ಹೋಗಿ ಆಗಿದೆ. ಇನ್ನು ಅಪಶಕುನ ಒಂದು ಬಾಕಿ."

ಅವಳು ಸೌಟನ್ನು ಪಾತ್ರೆಗೆ ಹಾಕಿ ಹೊರಟುಹೋದಳು. ಸಾರು ನಾನೇ ಬಡಿಸಿಕೊಂಡೆ.

ಚಳಿಗಾಲ ಪೂರ್ತಿ ಕಾದೆ. ಸಣ್ಣ ಪಂದ್ಯದಲ್ಲಿ ಮಾಡಿದರೆ ಸೇಡು ಪೋಲಾಗುತ್ತದೆ. ಈ ನಡುವೆ ರಾದೂಜ್ ತನ್ನ ಚಾಳಿ ಬಿಡಲಿಲ್ಲ, ಈಗ ಗೋಲುಗಳು ತಿಮೊತೆಯ್‌ಗೆ ಬೀಳತೊಡಗಿದವು. ನಿಜ ಹೇಳುತ್ತೇನೆ, ಒಂದೊಂದು ಬಿದ್ದಾಗಲೂ ನನಗೆ ಹಾಲು ಕುಡಿದಷ್ಟು ಸಂತೋಷ. ನೋಡಿ, ನೋಡಿ, ಬರೀ ನಾನಲ್ಲ ಎಂದು ಒಳಗೊಳಗೇ ಕುಣಿಯುತ್ತಿದ್ದೆ. ಆಟ ಮುಗಿದ ಮೇಲೆ ಆ ಹುಡುಗ ನನ್ನ ಹತ್ತಿರವೇ ಬಂದು, "ಅಣ್ಣ, ನಾನೆಲ್ಲಿ ತಪ್ಪಿದೆ?" ಎಂದು ಕೇಳುತ್ತಿದ್ದ. "ನೀನು ತಪ್ಪಲಿಲ್ಲ ಕಣೋ," ಅನ್ನುತ್ತಿದ್ದೆ. ಅದೂ ನಿಜವೇ.

ತಂಡ ಕೆಳಕೆಳಗೆ ಜಾರಿ ಕೊನೆಯ ಜಾಗಕ್ಕೆ ಬಂತು. ಏಪ್ರಿಲಿನಲ್ಲಿ ಕೆಳಗಿನ ಲೀಗಿನಲ್ಲಿ ಗೆದ್ದ ತಂಡದ ಜೊತೆ ಏಳು ಪಂದ್ಯದ ಸರಣಿ. ಗೆದ್ದವರು ಮೇಲಿನ ಲೀಗಿನಲ್ಲಿ ಇರುತ್ತಾರೆ, ಸೋತವರು ಕೆಳಗೆ. ಆರು ಪಂದ್ಯ ಮುಗಿದಾಗ ಮೂರು ಅವರಿಗೆ, ಮೂರು ನಮಗೆ. ಏಳನೆಯದು ನಮ್ಮೂರಲ್ಲಿ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಈ ಊರಿಗೆ ತನ್ನದು ಅಂತ ಉಳಿದದ್ದು ಆ ತಂಡವೊಂದೇ. ಮಧ್ಯಾಹ್ನದಿಂದಲೇ ಕ್ರೀಡಾಂಗಣದ ಹೊರಗೆ ಸಾಸೇಜು ಸುಡುವ ಹೊಗೆ, ರಮ್ ಹಾಕಿದ ಚಹಾ, ಡೋಲು.

ಆಟಕ್ಕೆ ಮುಂಚೆ ಕೋಚ್ ಬಿಸ್ತ್ರಿಕ್ ಒಂದು ಕಟ್ಟಪ್ಪಣೆ ಮಾಡಿದರು. ಹಿಂದಿನ ಪಂದ್ಯದಲ್ಲಿ ನಮ್ಮವನೊಬ್ಬ ಅವಸರಪಟ್ಟು ಇಳಿದು, ಐಸಿನ ಮೇಲೆ ಒಬ್ಬ ಹೆಚ್ಚಾಗಿ, ದಂಡ ಬಿದ್ದು, ಅದರಲ್ಲೇ ಸೋತಿದ್ದೆವು. "ಬರೋನ ಕಾಲು ಬೆಂಚಿನೊಳಗೆ ಬೀಳೋವರೆಗೂ ಒಬ್ಬನೂ ಇಳಿಯಬಾರದು. ಇಳಿದೋನು ಮನೆಗೇ ಹೋಗ್ಲಿ," ಅಂದರು. ಎಲ್ಲರೂ ತಲೆಯಾಡಿಸಿದರು. ನಾನು ಮಾತ್ರ ಕೋಚ್‌ಗೆ ಮನಸ್ಸಿನಲ್ಲೇ ಕೈ ಮುಗಿದೆ. ಬಾಗಿಲು ಮುಚ್ಚಿದ್ದರೆ ರಾದೂಜ್ ಒಳಗೆ ಬರಲಾರ. ಅವನು ಒಳಗೆ ಬರದಿದ್ದರೆ ಬದಲಿಯೂ ಇಳಿಯಲಾರ. ದೇವರೇ ಬಂದು ಅಗುಳಿ ನನ್ನ ಕೈಗೆ ಕೊಟ್ಟ ಹಾಗಿತ್ತು.

ಕೊನೆಯ ನಿಮಿಷಕ್ಕೆ ನಮ್ಮದು ಮೂರು ಗೋಲು, ಅವರದು ಎರಡು. ಅವರು ಕೊನೆಯ ಉಪಾಯವಾಗಿ ತಮ್ಮ ಗೋಲಿಯನ್ನೇ ಬೆಂಚಿಗೆ ಕರೆದು ಅವನ ಬದಲು ದಾಳಿಗೆ ಇನ್ನೊಬ್ಬನನ್ನು ಇಳಿಸಿದರು. ಅವರ ಗೋಲು ಖಾಲಿ. ಪಕ್ ರಾದೂಜ್‌ನ ಕೋಲಿಗೆ ಬಂತು. ಗೋಡೆಗೆ ತಾಗಿಸಿ ಮೂಲೆಗೆ ನೂಕಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಖಾಲಿ ಗೋಲು ಕಂಡರೆ ಅವನ ಬಾಯಲ್ಲಿ ನೀರು. ಇಬ್ಬರು ಅಡ್ಡ ಬಂದರೂ ಒಬ್ಬನನ್ನು ದಾಟಿದ, ಎರಡನೆಯವನು ಕಿತ್ತುಕೊಂಡ.

ರಾದೂಜ್ ತಿರುಗಿದ. ಹಿಂದಕ್ಕಲ್ಲ, ಬೆಂಚಿಗೆ.

ನಾನು ಅಗುಳಿಯನ್ನು ಕೆಳಕ್ಕೆ ಒತ್ತಿ ಹಿಡಿದೆ. ಕೋಲು ಹಲಗೆಗೆ ಎರಡು ಸಲ ಬಡಿಯಿತು. ನಾನು ಅಲುಗಲಿಲ್ಲ. ಮತ್ತೆ ಬಡಿಯಿತು.

"ತೆಗಿಯೋ," ಅಂದ. ಏದುಸಿರು.

"ವಾಪಸ್ ಹೋಗು."

"ತಮಾಷೆ ಮಾಡ್ತೀಯಾ? ತೆಗಿ."

"ನಿನ್ನ ಪಕ್ ಅದು. ವಾಪಸ್ ಹೋಗು."

ಅವನು ನನ್ನ ಕಣ್ಣು ನೋಡಿದ. ನಾನು ಏನು ಬಯಸುತ್ತಿದ್ದೇನೆ ಎಂಬುದು ಅವನಿಗೆ ಅಲ್ಲೇ ಅರ್ಥವಾಯಿತು, ಅದು ನನಗೂ ಗೊತ್ತಾಯಿತು. ನಾನು ಆಮೇಲೆ ಅವನನ್ನು ಬಿಟ್ಟು ನಮ್ಮ ಗೋಲಿನ ಹಿಂದಿನ ದೀಪವನ್ನೇ ನೋಡಿದೆ. ಹತ್ತಿಕೋ, ಹತ್ತಿಕೋ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಅವರು ನಮ್ಮ ಅಂಗಳದಲ್ಲಿ ಪಕ್ಕನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದರು. ಒಬ್ಬ ಜಾಸ್ತಿ ಅವರು, ಒಬ್ಬ ಕಡಿಮೆ ನಾವು. ತಿಮೊತೆಯ್ ಎಡಕ್ಕೆ ಜಾರಿದ, ಬಲಕ್ಕೆ ಜಾರಿದ, ಕೊನೆಗೆ ಬಿದ್ದ. ಅವರಲ್ಲೊಬ್ಬ ತೆರೆದ ಗೋಲಿನ ಮುಂದೆ ಕೋಲು ಎತ್ತಿದ.

ಆಗ ಎಲ್ಲಿಂದಲೋ ರಾದೂಜ್ ಬಂದ. ಇಡೀ ವರ್ಷ ಒಂದು ಸಲವೂ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಓಡಿ ಬಂದವನು ಉದ್ದಕ್ಕೆ ಮಲಗಿದ. ಪಕ್ ಅವನ ದವಡೆಗೆ ಬಡಿದ ಸದ್ದು ಡೋಲಿನ ನಡುವೆಯೂ ಬೆಂಚಿಗೆ ಕೇಳಿಸಿತು. ಸೀಟಿ ಊದಿದರು, ಐಸಿನ ಮೇಲೆ ರಕ್ತ, ಇನ್ನುಳಿದ ಕೆಲವು ಕ್ಷಣ ಯಾರೋ ಆಡಿ ಮುಗಿಸಿದರು. ನಾವು ಮೇಲಿನ ಲೀಗಿನಲ್ಲಿ ಉಳಿದೆವು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟೇ ಅಲ್ಲ, ಆ ತುತ್ತನ್ನು ಅವನೇ ತಿಂದ. ಸ್ಟ್ರೆಚರಿನ ಮೇಲೆ ಮಲಗಿಸಿ ಒಯ್ಯುವಾಗ ಇಡೀ ಕ್ರೀಡಾಂಗಣ ಎದ್ದು ನಿಂತು ಅವನ ಹೆಸರು ಕೂಗಿತು. ಮುದುಕಿಯರು ಅತ್ತರು. ಅವನ ಮುಖಕ್ಕೆ ಊರಿನ ಎದುರು ಮಸಿ ಬಳಿಯುತ್ತೇನೆಂದು ಐದು ತಿಂಗಳು ಕಾದವನು ನಾನು, ಅವನಿಗೆ ಪಟ್ಟ ಕಟ್ಟಿದವನೂ ನಾನೇ. ಟೋಪಿ ತೆಗೆದು ಕಾಲಿನ ಕೆಳಗೆ ಹಾಕಿ ತುಳಿದೆ.

ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ನನ್ನನ್ನು ತಬ್ಬಿಕೊಂಡರು. ಅವರ ಕೆನ್ನೆ ಒದ್ದೆಯಾಗಿತ್ತು.

"ನಾನು ಹಿಂದೇನೇ ನಿಂತಿದ್ದೆ ವೆಂಡೊ. ಎಲ್ಲಾ ಕೇಳಿಸ್ಕೊಂಡೆ. ನನಗೆ ಒಂದು ವರ್ಷ ಹೇಳಕ್ಕಾಗದ್ದನ್ನ ನೀನು ಎರಡು ಮಾತಲ್ಲಿ ಹೇಳಿದೆ."

"ಕೋಚ್, ನಾನು ಅದಕ್ಕಲ್ಲ..."

"ಸುಮ್ನಿರು. ತಂಡ ಅಂದ್ರೆ ಇದು. ಮುಂದಿನ ವರ್ಷ ನೀನು ನನ್ನ ಸಹಾಯಕ ಕೋಚ್ ಆಗಿ ಬೆಂಚಿನ ಹಿಂದೆ ನಿಂತ್ಕೋ. ರಕ್ಷಣೆಯೋರಿಗೆಲ್ಲಾ ನೀನೇ ಪಾಠ ಹೇಳು. ಕ್ಲಬ್ಬಿನ ಅಧ್ಯಕ್ಷರಿಗೆ ಆಗ್ಲೇ ಹೇಳಿದ್ದೀನಿ."

ನನ್ನ ಒಪ್ಪಂದ ಆ ತಿಂಗಳಿಗೇ ಮುಗಿಯುತ್ತಿತ್ತು. ವರ್ಷವಿಡೀ ಬಾಗಿಲು ತೆಗೆದ ಗೋಲಿಯನ್ನು ಯಾರೂ ಕರೆಯುವುದಿಲ್ಲ. ಮನೆಗೆ ಬಂದು ದಾರಿನಾಳಿಗೆ ಹೇಳಿದೆ. ಅವಳು ಎಷ್ಟೋ ದಿನದ ಮೇಲೆ ನಕ್ಕಳು. "ತಗೋ. ಬಾಯಿ ಮುಚ್ಕೊಂಡು ತಗೋ," ಅಂದಳು.

ಆದರೆ ಮರುದಿನದ ಪತ್ರಿಕೆಯಲ್ಲಿ ಹೀಗಿತ್ತು: ನಾಯಕ ತನ್ನ ಹೃದಯದ ಮಾತು ಕೇಳಿ ಹಿಂದಕ್ಕೆ ಓಡಿದ. ಹೃದಯ. ಅದರ ಕೆಳಗೆ ಯಾರೋ ಅಭಿಮಾನಿ, ಜರಡಿಯ ಹಿಂದೆ ಇಂಥ ಗೋಡೆಯೊಂದು ಮೊದಲೇ ಇದ್ದಿದ್ದರೆ ಎಂದು ಬರೆದಿದ್ದ. ಓದಿದ ಮೇಲೆ ನನಗೆ ಆ ಹೊಸ ಕೆಲಸವೂ ಕಹಿಯಾಯಿತು. ನನಗೆ ಬೇಕಾದದ್ದು ಒಂದೇ, ಆ ಗೋಲುಗಳು ನನ್ನವಲ್ಲ ಎಂದು ಅವನ ಬಾಯಿಂದ ಬರಬೇಕು.

ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಟಿವಿಯವರು ಬರುತ್ತಾರೆಂದು ಗೊತ್ತಿತ್ತು, ಅವರಿಗಿಂತ ಮೊದಲೇ ಹೋದೆ. ರಾದೂಜ್ ದಿಂಬಿಗೆ ಒರಗಿ ಕೂತಿದ್ದ. ದವಡೆಗೆ ತಂತಿ ಬಿಗಿದಿದ್ದರು. ಮುಖ ಊದಿ ಎರಡರಷ್ಟಾಗಿತ್ತು. ಮಾತು ಹಲ್ಲಿನ ಸಂದಿಯಿಂದ ಪಿಸುಗುಟ್ಟಿದಂತೆ ಬರುತ್ತಿತ್ತು, ಆದರೆ ಚೆನ್ನಾಗಿ ಕೇಳಿಸುತ್ತಿತ್ತು.

"ಗೋಲು ಬೀಳ್ಲಿ ಅಂತಾನೇ ಮುಚ್ಚಿದ್ದೆ, ಅಲ್ವಾ?"

"ಹೌದು."

"ಕೋಚ್ ಬೇರೆ ಏನೋ ಹೇಳ್ತಿದ್ರು."

"ಕೋಚ್ ಒಳ್ಳೇವ್ರು."

ಅವನು ನಗಲು ಹೋಗಿ ನೋವಿಗೆ ಕಣ್ಣು ಮುಚ್ಚಿದ. "ನಿನಗೆ ಏನು ಬೇಕೋ?"

"ಅಕ್ಟೋಬರಿನ ಗೋಲುಗಳು ನಿನ್ನವು ಅಂತ ಹೇಳು. ಈಗ ಅವ್ರು ಬರ್ತಾರೆ, ಅವ್ರ ಮುಂದೆ."

"ಹೇಳ್ತೀನಿ. ಆದ್ರೆ ಮೊದಲು ನೀನು. ಬಾಗಿಲು ಯಾಕೆ ಮುಚ್ಚಿದೆ ಅಂತ ನೀನು ಹೇಳು, ಆಮೇಲೆ ನಾನು ಹೇಳ್ತೀನಿ. ಹೋಗೋ ಮಾನ ಇಬ್ಬರದೂ ಹೋಗ್ಲಿ."

ಕೈ ಚಾಚಿದ. ನಾನು ಯೋಚಿಸಲೇ ಇಲ್ಲ. ಹೊಸ ಕೆಲಸ, ದಾರಿನಾಳ ನಗು, ಕೋಚ್‌ನ ಒದ್ದೆ ಕೆನ್ನೆ, ಯಾವುದೂ ನೆನಪಿಗೆ ಬರಲಿಲ್ಲ. ಅವನು ಮುಳುಗುವುದಾದರೆ ನಾನೂ ಮುಳುಗಲು ತಯಾರಿದ್ದೆ. ಕೈ ಹಿಡಿದು ಕುಲುಕಿದೆ. ನಮ್ಮಲ್ಲಿ ಕೈ ಕೊಟ್ಟ ಮೇಲೆ ಮುಗಿಯಿತು, ಸಾಕ್ಷಿ ಬೇಡ.

ಟಿವಿಯ ಬಿಬಿಯಾನಾ ಕ್ಯಾಮೆರಾದವನ ಜೊತೆ ಬಂದಳು. ಹಿಂದೆಯೇ ತಿಮೊತೆಯ್, ಕೈಯಲ್ಲಿ ಹೂವಿನ ಕಟ್ಟು. ಅವನು ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಆದರೂ ಹೇಳಬೇಕೆಂದಿದ್ದನ್ನು ಬಿಡಲಿಲ್ಲ.

"ವೆಂಡೊ, ನೀವು ಬಾಗಿಲ ಹತ್ರನೇ ಇದ್ರಿ," ಎಂದು ಬಿಬಿಯಾನಾ ಮೈಕು ಹಿಡಿದಳು. "ನಾಯಕರು ಹಿಂದಕ್ಕೆ ಓಡಿದ ಆ ಕ್ಷಣ ನೀವು ಏನು ನೋಡಿದ್ರಿ?"

"ಅವನು ಹಿಂದಕ್ಕೆ ಓಡಲಿಲ್ಲ, ಬೆಂಚಿಗೆ ಓಡಿ ಬಂದ. ನಾನು ಬಾಗಿಲು ತೆಗೀಲಿಲ್ಲ."

"ಅವರನ್ನ ವಾಪಸ್ ಕಳಿಸಬೇಕು ಅಂತ, ಅಲ್ವಾ?"

"ಅಲ್ಲ. ಅವನು ಬಾಗಿಲ ಮುಂದೆ ನಿಂತಿರಬೇಕು, ಗೋಲು ಬೀಳಬೇಕು, ಎಲ್ಲರೂ ನೋಡಬೇಕು ಅಂತ. ಅಕ್ಟೋಬರಿನಲ್ಲಿ ನನಗೆ ಬಿದ್ದ ಗೋಲುಗಳು ಹೀಗೇ ಬಿದ್ದದ್ದು. ಅದನ್ನ ಈಗ ಅವನೇ ಹೇಳ್ತಾನೆ."

ಮೈಕು ಮಂಚದ ಕಡೆ ತಿರುಗಿತು. ರಾದೂಜ್ ನಿಧಾನವಾಗಿ ಕೈ ಎತ್ತಿ ತನ್ನ ದವಡೆಯ ತಂತಿಯನ್ನು ಮುಟ್ಟಿದ. ತಲೆ ಅಲ್ಲಾಡಿಸಿದ, ಪಾಪ, ಮಾತಾಡಲಾಗುವುದಿಲ್ಲ ಎಂಬಂತೆ. ಆಮೇಲೆ ದಿಂಬಿಗೆ ಒರಗಿ ಕಣ್ಣು ಮುಚ್ಚಿದ.

"ಮಾತಾಡ್ತಾನೆ ಅವನು," ಅಂದೆ. "ಈಗ ತಾನೇ ಮಾತಾಡಿದ. ರಾದೂಜ್, ಏಳೋ. ಕೈ ಕೊಟ್ಟಿದ್ದೀಯ ನೀನು."

ನರ್ಸ್ ಒಳಗೆ ಬಂದು, ರೋಗಿಗೆ ತೊಂದರೆ ಕೊಡಬೇಡಿ ಅಂದಳು. ಅವನ ಕಣ್ಣಿನ ರೆಪ್ಪೆ ಅಲುಗುತ್ತಿತ್ತು. ನಿದ್ದೆ ಬಂದಿರಲಿಲ್ಲ ಬೇವರ್ಸಿಗೆ. ಮತ್ತೆ ನನ್ನನ್ನು ಒಬ್ಬನನ್ನೇ ಬಿಟ್ಟು ಬೆಂಚಿಗೆ ಹೋಗಿ ಕೂತಿದ್ದ. ದವಡೆ ಸರಿ ಇದ್ದಿದ್ದರೆ ಅಲ್ಲೇ ಇನ್ನೊಂದು ಸಲ ಮುರಿಯುತ್ತಿದ್ದೆ.

ಬಿಬಿಯಾನಾ ಮೈಕು ಕೆಳಗಿಳಿಸಿದಳು. ಒಳ್ಳೆಯ ಹುಡುಗಿ. "ಇದನ್ನ ಅಳಿಸಿಬಿಡ್ಲಾ?" ಎಂದು ಮೆಲ್ಲಗೆ ಕೇಳಿದಳು.

"ಬೇಡ. ತೋರಿಸಿ. ಪೂರ್ತಿ ತೋರಿಸಿ."

ಕ್ಯಾಮೆರಾದವನು ತಂತಿ ಸುತ್ತತೊಡಗಿದ. ತಿಮೊತೆಯ್ ಇನ್ನೂ ಬಾಗಿಲ ಬಳಿಯೇ ನಿಂತಿದ್ದ.

"ಅಣ್ಣ," ಅಂದ. "ನಾನು ಬಿದ್ದಿದ್ದೆ ಅವಾಗ. ಆ ಪಕ್ ಒಳಗೆ ಹೋಗಿದ್ರೆ ಯಾರ ಲೆಕ್ಕಕ್ಕೆ ಬೀಳ್ತಿತ್ತು?"

ಅವನು ಕೇಳಿದ್ದಕ್ಕೆಲ್ಲಾ ನಾನು ಇದುವರೆಗೆ ನಿಜವನ್ನೇ ಹೇಳಿದ್ದೆ.

"ನಿನ್ನ ಲೆಕ್ಕಕ್ಕೆ," ಅಂದೆ.

ಅವನು ಹೂವಿನ ಕಟ್ಟನ್ನು ರಾದೂಜ್‌ನ ಕಾಲ ಬಳಿ ಇಟ್ಟು, ನನ್ನ ಕಡೆ ನೋಡದೆ ಹೊರಗೆ ಹೋದ.